ಬಿರುಗಾಳಿಯ ಕಾವಲು

"ಶರಣಾಗ್ತೀಯಾ? ಇಲ್ಲ, ಕೋಟೆ ಸುಟ್ಟು ಬೂದಿ ಮಾಡ್ಲಾ?"

ಫೋನಿನ ಪರದೆಯ ಮೇಲೆ ಆ ಸಾಲು ಮೂಡಿದಾಗ ಅವಳ ಕೈಯಲ್ಲಿ ಯಾರದೋ ಕೆಳದವಡೆಯ ಅಚ್ಚಿತ್ತು. ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲನ್ನು ಕೂರಿಸುತ್ತಿದ್ದಳು. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬ್‌ನಲ್ಲಿ ಅವಳಿಗೆ ಕೆಲಸ.

ಕೋರೆಹಲ್ಲನ್ನು ಒತ್ತಿ ನಿಲ್ಲಿಸಿ, ಬೆರಳು ಒರೆಸಿಕೊಂಡು ಫೋನ್ ಎತ್ತಿಕೊಂಡಳು.

ಆಟದ ಭೂಪಟದಲ್ಲಿ ಅವಳ ಕೋಟೆಯ ಸುತ್ತ ಕೆಂಪು ಬಾವುಟಗಳು ಎದ್ದಿದ್ದವು. 'ಉಕ್ಕಿನ ಮುಷ್ಟಿ' ಕೂಟದ ಸೈನ್ಯ. ಸೇನಾಪತಿಯ ಹೆಸರು ಬಿರುಗಾಳಿ.

ಅವಳು ಬರೆದಳು. "ಸುಡಿ."

ಬಿರುಗಾಳಿಯ ಉತ್ತರ ಬಂತು.

"ಏನಯ್ಯಾ ಹಳೇಹುಲಿ, ತಮಾಷೆನಾ? ಬೈಯಲ್ವಾ? ಬೇಡ್ಕೊಳಲ್ವಾ? ಎಲ್ರೂ ಒಂದ್ಸಲ ಆದ್ರೂ ನನ್ನ ವಂಶಾನೆಲ್ಲ ಬೈತಾರೆ!"

"ಇಲ್ಲ."

"ಅಷ್ಟು ಬೇಜಾರಾ?"

"ಬೇಜಾರೂ ಇಲ್ಲ. ಏನೂ ಇಲ್ಲ."

ಅದು ನಿಜವೇ ಆಗಿತ್ತು. ಅವಳು ಮತ್ತೆ ಹಲ್ಲು ಜೋಡಿಸಲು ಕುಳಿತಳು. ಆಮೇಲೆ ನೋಡಿದರೆ ಕೋಟೆ ಹಾಗೇ ಇತ್ತು, ಬಾವುಟಗಳು ಹಿಂದೆ ಸರಿದಿದ್ದವು. ಒಂದು ಸಾಲು ಮಾತ್ರ ಉಳಿದಿತ್ತು.

"ಬಾಗಿಲು ತೆಗೆದು ಕೂತವರ ಮನೆಗೆ ಬೆಂಕಿ ಇಡೋದನ್ನ ನಮ್ಮಮ್ಮ ಕಲಿಸಿಲ್ಲ, ಗುರೂ."

*

ಹಳೇಹುಲಿ ಅವಳ ಹೆಸರಲ್ಲ. ಅವಳ ಗಂಡನದ್ದು.

ಅವನು ಕೆಲಸ ಮುಗಿಸಿ ಬರುವಾಗ ಬಸ್ಸಿನ ಸೀಟಿನಲ್ಲೇ ಕಣ್ಣು ಮುಚ್ಚಿದ್ದ. ನಿದ್ದೆ ಮಾಡುತ್ತಿದ್ದಾನೆಂದು ಯಾರೂ ಎಬ್ಬಿಸಲಿಲ್ಲ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಭುಜ ಮುಟ್ಟಿದಾಗಲೇ ಗೊತ್ತಾದದ್ದು.

ಅಂದಿನಿಂದ ಅವಳು ಅಳಲಿಲ್ಲ. ನೆಂಟರು ಕಾದರು, ಅಕ್ಕಪಕ್ಕದವರು ಕಾದರು. "ಅತ್ತುಬಿಡೇ, ಹಗುರಾಗುತ್ತೆ" ಎಂದರು. ಅವಳು ಲೋಟ ತೊಳೆದಳು, ಬಟ್ಟೆ ಮಡಿಸಿದಳು, ಕೆಲಸಕ್ಕೆ ಹೋದಳು. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಗಂಡನ ಫೋನ್ ಮಾತ್ರ ಸುಮ್ಮನಿರಲಿಲ್ಲ. 'ಒಡೆಯಾ, ಕಣಜ ತುಂಬಿದೆ' ಎಂದು ಅದು ಕೂಗುತ್ತಿತ್ತು. ಒಂದು ದಿನ ಒತ್ತಿದಳು. ಮರುದಿನವೂ ಒತ್ತಿದಳು. ಒಡೆಯ ಇಲ್ಲ ಎಂದು ಆ ಊರಿಗೆ ಹೇಳುವವರು ಯಾರು? ಹಾಗೆಯೇ ಅವಳು ಹಳೇಹುಲಿಯಾದಳು.

ಚೆಂದದ ಊರು ಅದು. ಗೋಡೆ, ಗೋಪುರ, ಬಿಲ್ಲುಗಾರರ ಬಿಡಾರ, ಎಲ್ಲ ಅವನೇ ಯೋಚಿಸಿ ಯೋಚಿಸಿ ಕಟ್ಟಿದ್ದು. ನಡುವಿನ ಚೌಕವನ್ನು ಮಾತ್ರ ಖಾಲಿ ಬಿಟ್ಟಿದ್ದ.

"ಇಲ್ಲಿ ಏನು ಕಟ್ಲಿ? ನೀನೇ ಹೇಳು" ಎಂದು ಕೇಳಿದ್ದ.

ಅವಳು ಒಲೆ ಮುಂದೆ ನಿಂತಿದ್ದಳು. "ಆಮೇಲೆ ಹೇಳ್ತೀನಿ, ಹೋಗ್ರೀ" ಎಂದಿದ್ದಳು.

ಆಮೇಲೆ...

*

ಕೋಟೆ ಸುಡದೆ ಹಿಂದಿರುಗಿದ್ದಕ್ಕೆ ಉಕ್ಕಿನ ಮುಷ್ಟಿಯವರು ಬಿರುಗಾಳಿಯನ್ನು ಕೂಟದಿಂದ ಹೊರಹಾಕಿದರು. ಅವನು ನೇರವಾಗಿ ಬಂದು ಅವಳ ಕೂಟದ ಬಾಗಿಲು ತಟ್ಟಿದ.

ಅವಳ ಕೂಟದ ಹೆಸರು 'ಹದ್ದಿನ ಗೂಡು'. ನಾಯಕರು ನಿವೃತ್ತ ಗಣಿತದ ಮೇಷ್ಟ್ರು. ಯುದ್ಧದ ಆಜ್ಞೆಯನ್ನೂ ಮನೆಪಾಠದಂತೆ ಕೊಡುವವರು.

"ಒಂದು ಮನೆ ಬಿಟ್ಟೋನು ಇನ್ನೊಂದು ಮನೆ ಬಿಡಲ್ವಾ?" ಎಂದು ಮೇಷ್ಟ್ರು ಗೊಣಗಿದರು. ಆದರೂ ಸೇರಿಸಿಕೊಂಡರು. ಎಚ್ಚರಿಕೆಯನ್ನೂ ಕೊಟ್ಟರು. "ನೋಡಪ್ಪಾ, ನಿನ್ನ ಸೈನ್ಯಾನ ಇನ್ನೊಬ್ಬರ ಊರಲ್ಲಿ ತಂದು ಬಿಡಬೇಡ. ನೆಂಟರ ಸೈನ್ಯ ಉಣ್ಣೋದು ಮನೆಯವನ ಕಣಜಾನ. ಕಣಜ ಬರಿದಾದ್ರೆ ಸೈನಿಕರು ಹಸಿದು ಸಾಯ್ತಾರೆ. ಅವರವರ ಜನಕ್ಕೆ ಅವರವರೇ ಅನ್ನ ಹಾಕ್ಬೇಕು."

ಮೊದಲ ಸಲ ಎಲ್ಲರೂ ಧ್ವನಿಯಲ್ಲಿ ಸಭೆ ಸೇರಿದಾಗ ಬಿರುಗಾಳಿ ಉತ್ಸಾಹದಲ್ಲಿದ್ದ.

"ಹಳೇಹುಲಿ ಅಣ್ಣಾ, ಒಂದ್ಸಲ ಗರ್ಜಿಸು ನೋಡೋಣ!"

"ಹೇಳಿ..." ಎಂದಳು ಅವಳು.

ಹೆಣ್ಣಿನ ಧ್ವನಿ! ಯಾರದೋ ಮನೆಯ ಕುಕ್ಕರ್ ಕೂಗಿದ್ದು ಮಾತ್ರ ಕೇಳಿಸಿತು.

"ತಾಯೀ," ಎಂದರು ಮೇಷ್ಟ್ರು ಕೆಮ್ಮಿ, "ನಾವು ಇಷ್ಟು ದಿನ ನಿಮ್ಮೆದುರು ಎಂಥೆಂಥ ಮಾತಾಡಿದ್ವಿ!"

ಬಿರುಗಾಳಿ ಮರುದಿನ ಬರೆದ. "ನಿಮ್ಮನ್ನ ಏನಯ್ಯಾ ಅಂದಿದ್ದೆ... ಅದ್ಯಾಕೆ ಹೇಳ್ಲಿಲ್ಲ ನೀವು?"

"ಅಯ್ಯಾ ಆದ್ರೇನು, ಅಮ್ಮಾ ಆದ್ರೇನು? ಹೆಸರು ನಮ್ಮೆಜಮಾನ್ರದ್ದು. ಅವರು ಈಗ ಇಲ್ಲ."

ಅವನು ಸಮಾಧಾನದ ಮಾತು ಹೇಳಲಿಲ್ಲ. "ಊಟ ಆಯ್ತಾ?" ಎಂದಷ್ಟೇ ಕೇಳಿದ.

ದಿನಾ ರಾತ್ರಿ ಧ್ವನಿಯಲ್ಲಿ ಅದೊಂದೇ ಪ್ರಶ್ನೆ. ದಿನಾ ಅವಳು 'ಹೂಂ' ಎನ್ನುತ್ತಿದ್ದಳು. ಮೆಲ್ಲಗೆ ಬೇರೆ ಮಾತುಗಳೂ ಬಂದವು. ಅವನು ಲಿಫ್ಟ್ ರಿಪೇರಿ ಮಾಡುವವನು, ಇದೇ ಊರಿನವನು, ಮದುವೆಯ ವಯಸ್ಸು ಅಮ್ಮನ ಕಾಯಿಲೆಯಲ್ಲೇ ಕಳೆದುಹೋಯಿತು, ಈಗ ಅಮ್ಮನೂ ಇಲ್ಲ. ಅವಳ ಲ್ಯಾಬ್ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಸದಾ ಕೆಟ್ಟಿರುತ್ತದೆ.

"ಯಾವ ಬಿಲ್ಡಿಂಗು? ಅಯ್ಯಯ್ಯೋ! ಅದು ನಮ್ಮ ಕಂಪನಿ ಲಿಫ್ಟೇ! ಮಾನ ಕಳೀಬೇಡಿ. ನಾಳೆನೇ ಬಂದು ನೋಡ್ಲಾ?"

"ಬೇಡ," ಎಂದಳು. "ಮೆಟ್ಟಿಲಿದೆ."

ಅವನು ಒತ್ತಾಯಿಸಲಿಲ್ಲ.

*

ಮನೆಯಲ್ಲಿ ಜೊತೆಗಿದ್ದ ಅತ್ತೆಯ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಆಸ್ಪತ್ರೆಯಲ್ಲಿ ಫೋನ್ ಹಿಡಿದು ಕೂರಲಾಗದು. ಆಟದಲ್ಲಿ ಇಂಥ ಸಮಯಕ್ಕೊಂದು ಪದ್ಧತಿ ಇದೆ. ನಂಬಿಕೆಯವರಿಗೆ ಊರಿನ ಕಾವಲು ಒಪ್ಪಿಸಿ ಹೋಗಬಹುದು. ಕಾವಲು ಹಿಡಿದವರು ನಿಮ್ಮ ಸೈನ್ಯವನ್ನು ನಡೆಸಬಲ್ಲರು, ಬಾಗಿಲು ಮುಚ್ಚಬಲ್ಲರು, ತೆರೆಯಬಲ್ಲರು.

ಯಾರಿಗೂ ಕೊಡದ ಕಾವಲನ್ನು ಅವಳು ಬಿರುಗಾಳಿಗೆ ಕೊಟ್ಟಳು.

"ಜೋಪಾನ," ಎಂದು ಬರೆದಳು. ಆ ಒಂದು ಪದ ಬರೆಯುವಾಗ ಎದೆಯಲ್ಲಿ ಎಲ್ಲೋ ಸಣ್ಣಗೆ ಚುಚ್ಚಿದಂತಾಯಿತು. ಜೋಮು ಹಿಡಿದ ಕಾಲಿಗೆ ರಕ್ತ ಹರಿಯುವಾಗ ಆಗುತ್ತದಲ್ಲ, ಹಾಗೆ.

"ನನ್ನ ಪ್ರಾಣ ಹೋದ್ರೂ..." ಎಂದು ಅವನು ಶುರು ಮಾಡಿದ.

"ಪ್ರಾಣ ಗೀಣ ಬೇಡ. ಊರು ನೋಡ್ಕೊಳಿ ಸಾಕು."

ಸಂಜೆ ಅತ್ತೆಯನ್ನು ಮನೆಗೆ ಕರೆತಂದು ಮಲಗಿಸಿ ಫೋನ್ ತೆರೆದಳು.

ಊರು ಉರಿದುಹೋಗಿತ್ತು!

ಗೋಡೆ ಇಲ್ಲ. ಗೋಪುರ ಇಲ್ಲ. ಕಣಜ ಕರಕಲು. ಬಿಡಾರದಲ್ಲಿ ಒಬ್ಬನೇ ಒಬ್ಬ ಸೈನಿಕನಿಲ್ಲ. ಸುಡಲು ಏನೂ ಇಲ್ಲದ ಆ ನಡುಚೌಕ ಮಾತ್ರ ಮೊದಲಿನಂತೆಯೇ ಖಾಲಿಯಾಗಿತ್ತು.

ಎಲ್ಲರಿಗೂ ಕಾಣುವ ಆಟದ ಸಂದೇಶ ಫಲಕದಲ್ಲಿ ಉಕ್ಕಿನ ಮುಷ್ಟಿಯವರು ಬರೆದಿದ್ದರು. 'ಕೋಟೆ ಖಾಲಿ ಮಾಡಿ ಬಾಗಿಲು ತೆಗೆದಿಟ್ಟಿದ್ದಕ್ಕೆ ಧನ್ಯವಾದ, ಬಿರುಗಾಳಿ!'

"ಹೇಳಿರ್ಲಿಲ್ವಾ ತಾಯೀ?" ಮೇಷ್ಟ್ರ ಸಂದೇಶ ಕಾದಿತ್ತು. "ನೆಚ್ಚಿದ ಎಮ್ಮೆ ಕೋಣ ಈಯ್ತು. ಮೊದಲೇ ಮಾತಾಡ್ಕೊಂಡು ಬಂದಿದ್ದಾನೆ. ದಾಳಿಗೆ ಮುಂಚೆ ನಿಮ್ಮ ಸೈನ್ಯಾನೆಲ್ಲ ಅವನೇ ಹೊರಗೆ ಸಾಗಿಸಿದ್ದಾನೆ. ಕೂಟದಿಂದ ತೆಗೆದು ಹಾಕಿದ್ದೀನಿ."

ಬಿರುಗಾಳಿಯದ್ದೂ ಒಂದು ಸಂದೇಶವಿತ್ತು. 'ದಯವಿಟ್ಟು ಒಂದು ನಿಮಿಷ ನನ್ನ ಮಾತು...'

ಅವಳು ಪೂರ್ತಿ ಓದಲಿಲ್ಲ. ಅವನ ಸಂದೇಶವೇ ಬರದಂತೆ ಮಾಡಿ ಫೋನನ್ನು ಬೀರುವಿನಲ್ಲಿಟ್ಟಳು. ಬಾಗಿಲು ಹಾಕಿದಳು.

'ಅವರು ಕಟ್ಟಿದ ಊರು... ನನ್ನ ಕೈಯಾರೆ ಕೊಟ್ಟೆ. ನನ್ನ ಕೈಯಾರೆ!'

*

ಎರಡು ದಿನ ಕಳೆದಿತ್ತು. ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಬೋಳುಬಾಯಿಯಲ್ಲಿ ಅನ್ನ ನುರಿಸುತ್ತಿದ್ದರು. ಊರಿಗೆಲ್ಲ ಹಲ್ಲು ಕಟ್ಟುವ ಸೊಸೆ ಮಾಡಿಕೊಟ್ಟ ಹಲ್ಲಿನ ಸೆಟ್ಟು ಡಬ್ಬಿಯಲ್ಲೇ ಇತ್ತು. "ಯಾರನ್ನ ನೋಡಿ ನಗ್ಬೇಕಿದೆ ನಾನು?" ಎನ್ನುವುದು ಅವರ ವಾದ.

ಠಣ್ಣೆಂದು ಸದ್ದಾಯಿತು. ಸೊಸೆ ತಟ್ಟೆ ಕುಕ್ಕಿದ್ದಳು.

ಅತ್ತೆ ತಲೆ ಎತ್ತಿದರು. ಪಟ್ಟಿಯಿಲ್ಲದ ಕಣ್ಣಿನಲ್ಲಿ ಹೊಳಪು. "ಏನೇ! ತಟ್ಟೆ ಕುಕ್ಕಿದೆಯಾ? ಎಷ್ಟು ಕಾಲ ಆಗಿತ್ತೇ ಈ ಮನೇಲಿ ಆ ಸದ್ದು ಕೇಳಿ! ಯಾರ ಮೇಲೆ ಸಿಟ್ಟು? ನನ್ನ ಮೇಲಾ?"

"ನಿಮ್ಮ ಮೇಲಲ್ಲ."

"ಹಾಗಾದ್ರೆ ಆ ಲಿಫ್ಟಿನವನ ಮೇಲೆ."

ಅವಳು ಬೆಚ್ಚಿದಳು. "ನಿಮಗೆ ಹೇಗೆ..."

"ಕಣ್ಣಿಗೆ ಪೊರೆ ಬಂದಿತ್ತು ಕಣೇ, ಕಿವಿಗಲ್ಲ. 'ಊಟ ಆಯ್ತಾ' ಅಂತ ಅವನು ಕೇಳಿದ ಮೇಲೆ ತಾನೇ ನೀನು ತಟ್ಟೆ ಹಾಕ್ಕೊಳ್ತಿದ್ದದ್ದು?"

ಅವಳು ಎಲ್ಲವನ್ನೂ ಹೇಳಿದಳು. ಧ್ವನಿಯಲ್ಲಿ ಏರಿಳಿತವಿರಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿ ಹೇಳಿದಂತೆ. ಕೊನೆಗೆ ಮಾತ್ರ ತಲೆ ತಗ್ಗಿಸಿದಳು. "ನಿಮ್ಮ ಮಗ ಕಟ್ಟಿದ ಊರು ಹೋಯ್ತು, ಅತ್ತೆ."

ಅತ್ತೆ ನೀರು ಕುಡಿದರು. ಲೋಟ ಕೆಳಗಿಟ್ಟರು.

"ಊರು ಹೋದ್ರೆ ಹೋಯ್ತು. ಜನ ಏನಾದ್ರು?"

"ಯಾವ ಜನ?"

"ಸೈನ್ಯ ಇತ್ತು ಅಂದ್ಯಲ್ಲ. ಅವನು ಎಲ್ಲಿಗೋ ಸಾಗಿಸಿದ ಅಂದೆ. ಬದುಕಿದ್ದಾರೋ ಇಲ್ವೋ? ಅದನ್ನ ನೋಡೋದು ಬಿಟ್ಟು ಗೋಡೆ ಗೋಡೆ ಅಂತ ಕೂತಿದ್ದೀಯಾ! ನನ್ನ ಮಗ ಇಟ್ಟಿಗೆ ಮೇಲೆ ಪ್ರೀತಿ ಇಟ್ಟೋನಲ್ಲ ಕಣೇ."

ಅವಳು ಬೀರು ತೆರೆದಳು.

ಸೈನ್ಯ ಎಲ್ಲಿದೆ ಎಂದು ಹುಡುಕಿದಳು. 'ಬಿರುಗಾಳಿಯ ಊರಿನಲ್ಲಿ, ಅತಿಥಿಗಳಾಗಿ' ಎಂದು ತೋರಿಸಿತು ಆಟ. ಗಂಡ ಸಾಕಿದ ಬಿಲ್ಲುಗಾರರು, ಕುದುರೆಯವರು, ಈಟಿಯವರು... ಒಬ್ಬನೂ ಕಡಿಮೆಯಾಗಿರಲಿಲ್ಲ!

ಕೆಳಗೆ ಇನ್ನೊಂದು ಸಾಲಿತ್ತು. 'ಊರಿನ ಸ್ವಂತ ಸೈನ್ಯ: ಇಲ್ಲ.'

ಅವಳು ಆ ಸಾಲನ್ನು ಮತ್ತೆ ಮತ್ತೆ ನೋಡಿದಳು. ಕೋಟೆ ಸುತ್ತುವರಿದಿದ್ದ ಅಷ್ಟು ದೊಡ್ಡ ಸೈನ್ಯ ಎಲ್ಲಿ ಹೋಯಿತು? ಯುದ್ಧವಾದ ಗುರುತಿಲ್ಲ. ಹಾಗಾದರೆ...

ಮೇಷ್ಟ್ರ ಮಾತು ನೆನಪಾಯಿತು. 'ನೆಂಟರ ಸೈನ್ಯ ಉಣ್ಣೋದು ಮನೆಯವನ ಕಣಜಾನ.'

ಅವನ ಕಣಜ ಇಬ್ಬರ ಸೈನ್ಯಕ್ಕೆ ಸಾಲುತ್ತಿರಲಿಲ್ಲ. ಅವಳ ಸೈನಿಕರು ಉಣ್ಣಲೆಂದು ಅವನು ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಬಿಟ್ಟು ಕಳಿಸಿದ್ದ. ಬೈಸಿಕೊಂಡು, ಒಂಟಿಯಾಗಿ, ಯಾರಿಗೂ ಹೇಳದೆ, ಈಗಲೂ ದಿನಾ ಅವಳ ಜನಕ್ಕೆ ಅನ್ನ ಹಾಕುತ್ತಲೇ ಇದ್ದ.

ಪರದೆಯ ಮೇಲೆ ಒಂದು ಹನಿ ಬಿತ್ತು. ಎಲ್ಲಿಂದ ಬಿತ್ತೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ.

ಅತ್ತೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಕುಳಿತರು. ಬಹಳ ಹೊತ್ತು.

*

ಸಂದೇಶ ಕಳಿಸಬಹುದಿತ್ತು. ಬೆರಳು ಏಳಲಿಲ್ಲ. ಕ್ಷಮಿಸಿ ಎಂಬ ಪದ ಟೈಪ್ ಮಾಡಿದರೆ ತೀರಾ ಸಣ್ಣದಾಗಿ ಕಂಡಿತು.

ಮರುದಿನ ಬೆಳಿಗ್ಗೆ, ಕೆಟ್ಟು ನಿಂತ ಲಿಫ್ಟಿನ ಬಾಗಿಲ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು.

"ಮೂರನೇ ಮಹಡಿಯಿಂದ ಮಾತಾಡ್ತಿದ್ದೀನಿ. ಲಿಫ್ಟ್ ಕೆಟ್ಟಿದೆ. ಮೆಕ್ಯಾನಿಕ್‌ನ ಕಳಿಸಿ."

"ಅದು ಕೆಟ್ಟು ಎಷ್ಟೋ ಕಾಲ ಆಯ್ತಲ್ಲ ಮೇಡಂ, ಈಗ ನೆನಪಾಯ್ತಾ?" ಎಂದಳು ಆ ಕಡೆಯ ಹುಡುಗಿ.

"ಹೌದು," ಎಂದಳು ಅವಳು. "ಈಗ ನೆನಪಾಯ್ತು."

ಮಧ್ಯಾಹ್ನ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಅವಳು ಕೈಯಲ್ಲಿದ್ದ ಅಚ್ಚು ಕೆಳಗಿಟ್ಟು ಹೊರಬಂದಳು. ಮಾಸಿದ ನೀಲಿ ಅಂಗಿ, ಭುಜದಲ್ಲಿ ಹತಾರಗಳ ಚೀಲ, ಕಿವಿಯ ಬಳಿ ನರೆತ ಕೂದಲು. ಬಿರುಗಾಳಿ ಏದುಸಿರು ಬಿಡುತ್ತಿದ್ದ.

"ಲಿಫ್ಟ್‌ಗೆ... ಏನಾಗಿದೆ?"

ಧ್ವನಿ ಅದೇ.

"ಲಿಫ್ಟ್‌ಗೆ ಯಾವಾಗ್ಲೂ ಆಗಿರೋದೇ. ನನಗೇ ಏನೋ ಆಗಿದೆ."

ಅವನು ಚೀಲ ಕೆಳಗಿಟ್ಟ. ಅವಳ ಅಂಗೈಗೆ ಮೆತ್ತಿದ್ದ ಗುಲಾಬಿ ಮೇಣವನ್ನೇ ನೋಡಿದ. ಮುಖ ನೋಡುವ ಧೈರ್ಯ ಬರಲಿಲ್ಲ.

"ಆವತ್ತು ರಿಪೇರಿಗೆ ಅಂತ ಲಿಫ್ಟ್ ಕೆಳಗಿನ ಗುಂಡಿಯೊಳಗಿದ್ದೆ," ಎಂದ. "ಅಲ್ಲಿ ಸಿಗ್ನಲ್ ಇರಲ್ಲ. ಮೇಲೆ ಬಂದು ನೋಡೋವಷ್ಟರಲ್ಲಿ ಅವರು ಬಾಗ್ಲಿಗೇ ಬಂದಿದ್ರು. ಗೋಡೆ ಕಾಯೋಕೆ ಹೋದ್ರೆ ನಿಮ್ಮೋರೆಲ್ಲ ಸಾಯ್ತಿದ್ರು. ಗೋಡೆ ಮತ್ತೆ ಕಟ್ಬಹುದು... ಸತ್ತೋರು ವಾಪಸ್ ಬರಲ್ವಲ್ಲ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. "ಅಂದ್ರೆ ನಾನು..."

"ನಿಜ," ಎಂದಳು ಅವಳು ಮೆಲ್ಲಗೆ. "ಬರಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನಿಮ್ಮ ಸೈನ್ಯಾನ ಯಾಕೆ ಬಿಟ್ಟು ಕಳಿಸಿದ್ರಿ? ನನ್ನೋರನ್ನೇ ವಾಪಸ್ ಅಟ್ಟಬಹುದಿತ್ತಲ್ಲ?"

"ಅಲ್ಲಿ ಕಣಜಾನೇ ಸುಟ್ಟುಹೋಗಿತ್ತು. ಮನೆಗೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸೋದಾ? ಅದೂ... ನಿಮ್ಮೋರನ್ನ?"

ಅವಳು ಗೋಡೆಗೆ ಒರಗಿದಳು.

"ನಾನು ಬೈದೆ. ಮನಸ್ಸಲ್ಲೇ. ನಿಮ್ಮ ವಂಶಾನೆಲ್ಲ ಬೈದೆ!"

ಅವನ ಮುಖ ಅರಳಿತು. "ಕೊನೆಗೂ!"

"ನಗ್ಬೇಡಿ. ನನಗೆ ಎಷ್ಟೋ ಕಾಲದಿಂದ ಏನೂ ಅನ್ನಿಸ್ತಿರ್ಲಿಲ್ಲ. ಈಗ್ಲೂ ಪೂರ್ತಿ ಅನ್ನಿಸಲ್ಲ. ಆದ್ರೆ ಸಿಟ್ಟು ಬಂತು, ನಿಮ್ಮ ಮೇಲೆ. ಆಮೇಲೆ ಅಳು ಬಂತು. ಇನ್ನು ಮುಂದೆ ಏನು ಬರುತ್ತೋ, ನನಗೆ ಗೊತ್ತಿಲ್ಲ."

"ನನಗೆ ಗೊತ್ತಿರೋದು ಒಂದೇ," ಎಂದ ಅವನು. "ನೀವು 'ಸುಡಿ' ಅಂದ ದಿನದಿಂದ, ಎದ್ದ ಕೂಡ್ಲೇ ನಿಮ್ಮೂರು ಇದೆಯಾ ಅಂತ ನೋಡ್ತೀನಿ. ಇದ್ರೆ ಆ ದಿನ ಚೆನ್ನಾಗಿರುತ್ತೆ. ನನಗೆ ನೀವು ಬೇಕು. ಅವಸರ ಇಲ್ಲ. ಮೆಟ್ಟಿಲಲ್ಲೇ ಹತ್ತಿ ಬರ್ತೀನಿ, ನಿಧಾನಕ್ಕೆ."

ಲ್ಯಾಬ್ ಒಳಗಿಂದ ಯಾರೋ ಅವಳನ್ನು ಕರೆದರು. ಅವಳು ಅಲುಗಲಿಲ್ಲ. ಕಿಸೆಯಿಂದ ಫೋನ್ ತೆಗೆದು ಸುಟ್ಟ ಊರನ್ನು ತೆರೆದು, ನಡುಚೌಕದ ಮೇಲೆ ಬೆರಳಿಟ್ಟಳು.

"ಇಲ್ಲಿ ಏನು ಕಟ್ಲಿ ಅಂತ ಒಬ್ರು ಕೇಳಿದ್ರು. ಆಮೇಲೆ ಹೇಳ್ತೀನಿ ಅಂದಿದ್ದೆ."

ಅವನು ಪರದೆಯತ್ತ ಬಾಗಿದ. "ಈಗ?"

"ಈಗ್ಲೇ ಹೇಳ್ತೀನಿ. ಕಣಜ ಕಟ್ಟೋಣ. ದೊಡ್ಡದು. ನಿಮ್ಮೋರೂ ನಮ್ಮಲ್ಲೇ ಉಣ್ಲಿ."

"ನನ್ನೋರು ಅಂತ ಈಗ ಯಾರೂ ಇಲ್ವಲ್ಲ... ನಾನೊಬ್ನೇ."

ಅವಳ ತುಟಿಯಂಚು ಸ್ವಲ್ಪವೇ ಸ್ವಲ್ಪ ಸಡಿಲವಾಯಿತು.

"ಊಟ ಆಯ್ತಾ?" ಎಂದು ಕೇಳಿದಳು.

"ಇಲ್ಲ."

"ನನಗೂ ಆಗಿಲ್ಲ. ಬನ್ನಿ."