ಟೈರಿಗೆ ಹಚ್ಚಿದ ಎಣ್ಣೆ

"ಮೂಸಿ ನೋಡ್ರಿ," ಎಂದು ನೀಲಾಂಬಿಕಾ ತನ್ನ ಬಲಗೈಯನ್ನು ಶಂಭುಲಿಂಗನ ಮೂಗಿನ ಹತ್ತಿರ ಹಿಡಿದಳು.

ಶಿಗ್ಗಾಂವಿ ಬೈಪಾಸಿನ ಅವನ ಟೈರ್ ಅಂಗಡಿ ಆಗತಾನೇ ಬಾಗಿಲು ತೆರೆದಿತ್ತು. ಕಸ ಹೊಡೆದು ನೀರು ಚಿಮುಕಿಸಿದ ನೆಲ ಇನ್ನೂ ಆರಿರಲಿಲ್ಲ. ಎರಡು ಸೀಟಿನ ಅವಳ ಕೆಂಪು ಕಾರು ಅಂಗಡಿಯ ಮುಂದೆ ಅಡ್ಡಾದಿಡ್ಡಿ ನಿಂತಿತ್ತು. ಎಡಗಡೆ ಬಂಪರ್ ಒಡೆದು ಜೋತಾಡುತ್ತಿತ್ತು. ಬೇರೆ ದಿನವಾಗಿದ್ದರೆ ಆ ಕೈ ಅಷ್ಟು ಹತ್ತಿರ ಬಂದದ್ದಕ್ಕೇ ಶಂಭುಲಿಂಗನ ಕಿವಿ ಕೆಂಪಾಗುತ್ತಿದ್ದವು. ಇವತ್ತು ಅವನು ಮೂಸಲೂ ಇಲ್ಲ, ಸುಮ್ಮನೆ ತಲೆ ತಗ್ಗಿಸಿದ. ಅದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಕೊಬ್ಬರಿ ಎಣ್ಣಿ," ಅಂದಳು. "ನನ್ನ ಟಾಯರಿನ ಅಂಚಿನಾಗ. ನಿಮಗ ಗೊತ್ತಿತ್ತು."

ಸಿಟ್ಟು ಬಂದವರ ಎದುರು ಹೀಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕಿಂತ ತಿರುಗಿ ಬೈದರೆ ಎಷ್ಟೋ ವಾಸಿ.

ಹಾಗೆ ನೋಡಿದರೆ ಇವರಿಬ್ಬರ ಪ್ರೀತಿ ಶುರುವಾದದ್ದೇ ಜಗಳದಿಂದ. ನೀಲಾಂಬಿಕಾ ಹಾನಗಲ್ಲಿನವಳು, ಅಣ್ಣನ ಜೊತೆ ಅಕ್ಕಿ ಗಿರಣಿ ನೋಡಿಕೊಳ್ಳುವವಳು. ವಾರವೆಲ್ಲ ಭತ್ತದ ಧೂಳು ಕುಡಿದು, ಬಿಡುವು ಸಿಕ್ಕಾಗ ಆ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಲ್ಹಾಪುರದ ಆಚೆ ಇರುವ ರೇಸ್ ಟ್ರ್ಯಾಕಿಗೆ ಒಯ್ದು ಓಡಿಸುವುದು ಅವಳ ಹುಚ್ಚು. ರೋಡಿಗೂ ಟ್ರ್ಯಾಕಿಗೂ ಎರಡಕ್ಕೂ ಆಗುವ ಟೈರ್ ಬೇಕೆಂದು ಹೋದ ವರ್ಷ ಈ ಅಂಗಡಿಯ ಮೆಟ್ಟಿಲು ಹತ್ತಿದ್ದಳು. ಕೊಡುವುದಿಲ್ಲ ಎಂದಿದ್ದ ಶಂಭುಲಿಂಗ. ಟ್ರ್ಯಾಕಿನ ಟೈರಿಗೆ ರಬ್ಬರ್ ಮೆತ್ತಗಿರಬೇಕು, ಕಾದಷ್ಟೂ ನೆಲ ಕಚ್ಚಬೇಕು. ರೋಡಿನದಕ್ಕೆ ಮಳೆನೀರನ್ನು ಹೊರಗೆ ಹಾಕುವ ಆಳದ ಗೀರುಗಳಿರಬೇಕು. ಎರಡನ್ನೂ ಒಂದರಲ್ಲೇ ಕೇಳಿದರೆ ಎರಡೂ ಅರೆಬರೆ ಸಿಗುತ್ತವೆ ಎಂದು ಪಾಠ ಒಪ್ಪಿಸಿದ್ದ. ಎರಡು ಜೊತೆ ಇಟ್ಟುಕೊಳ್ಳಿ ಅಂದ. ಇನ್ನೊಂದು ಜೊತೆಯನ್ನು ತಲೆಯ ಮೇಲೆ ಹೊತ್ತುಕೊಂಡು ಗಾಡಿ ಓಡಿಸಲೇನು ಅಂದಳು ಅವಳು. ಅವನು ನಕ್ಕ. ಆ ನಗು ಅವಳಿಗೆ ಹಿಡಿಸಿತು, ಹಿಡಿಸಿತಲ್ಲ ಎಂದು ಸಿಟ್ಟೂ ಬಂತು.

ಆಮೇಲೆ ಗಾಳಿ ಹಾಕಿಸುವ ನೆಪ. ಹಾನಗಲ್ಲಿನಲ್ಲಿ ಗಾಳಿಗೇನು ಬರವೇ? ಆದರೂ ವಾರ ವಾರ ಶಿಗ್ಗಾಂವಿಗೇ ಬರುತ್ತಿದ್ದಳು. ಅವನು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೀಟರ್ ನೋಡುವುದು ಬಿಟ್ಟು ಕಾರಿನ ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ. ಅವಳು ಏನೂ ಕಂಡಿಲ್ಲದವಳ ಹಾಗೆ ಹಣೆಯ ಮೇಲಿನ ಕೂದಲನ್ನು ನಿಧಾನವಾಗಿ, ಬೇಕಾದ್ದಕ್ಕಿಂತ ಇನ್ನೂ ನಿಧಾನವಾಗಿ, ಹಿಂದಕ್ಕೆ ಸರಿಸುತ್ತಿದ್ದಳು.

"ಗಾಳಿ ಭಾಳ ಆತು ನೋಡ್ರಿ," ಎಂದು ಒಮ್ಮೆ ಅವಳೇ ಎಚ್ಚರಿಸಿದ್ದಳು.

"ನನಗೇನ್ರಿ, ಟಾಯರಿಗೇನ್ರಿ?" ಎಂದು ಕೇಳಿ ಅವನು ತಾನೇ ನಾಚಿಕೊಂಡಿದ್ದ.

ಕೊನೆಗೆ ಹಟ ಬಿಟ್ಟು, ಎರಡಕ್ಕೂ ತಕ್ಕಮಟ್ಟಿಗೆ ಒಗ್ಗುವ ಮೆತ್ತನೆಯ ಟೈರುಗಳನ್ನು ಅವನೇ ಹುಡುಕಿ ತರಿಸಿದ. ಮೊನ್ನೆ ಶುಕ್ರವಾರ ಕಾರು ತರಿಸಿಕೊಂಡು ತೊಡಿಸಿದ. ಈ ಟೈರಿಗೆ ಹೊಳಪು ಬರಲೆಂದು ಪಾಲಿಶ್, ಎಣ್ಣೆ ಏನನ್ನೂ ಮುಟ್ಟಿಸಬಾರದು ಎಂದು ಅವಳಿಗೆ ಎಷ್ಟೋ ಸಲ ಹೇಳಿದ್ದವನೂ ಅವನೇ. ಶನಿವಾರ ಬೆಳಗ್ಗೆ ಅವಳು ಕಾರು ಒಯ್ಯಲು ಬಂದಾಗ ಯಾಕೋ ಅವನ ಮುಖ ಸಪ್ಪಗಿತ್ತು. ಬರುವ ಗುರುವಾರ ಅವನ ಮನೆಯವರು ತನ್ನನ್ನು ಹೆಣ್ಣು ಕೇಳಲು ಹಾನಗಲ್ಲಿಗೆ ಹೊರಟಿದ್ದಾರಲ್ಲ, ಅದರದೇ ಗಾಬರಿ ಇರಬೇಕು ಎಂದು ಅವಳು ಒಳಗೊಳಗೇ ನಕ್ಕಿದ್ದಳು. ಸಾವಕಾಶ ಹೋಗ್ರಿ ಎಂದಷ್ಟೇ ಅವನು ಹೇಳಿದ್ದು.

ಭಾನುವಾರ ಟ್ರ್ಯಾಕಿನಲ್ಲಿ ಮೊದಲ ಜೋರಿನ ಸುತ್ತು. ನೇರ ದಾರಿಯಲ್ಲಿ ಟೈರುಗಳು ಚೆನ್ನಾಗಿಯೇ ಹಿಡಿದವು. ತಿರುವಿನಲ್ಲಿ ಸ್ಟೇರಿಂಗ್ ಎಳೆದದ್ದೇ ತಡ, ಹಿಂದಿನ ಗಾಲಿಗಳು ಜಾರಿ ಕಾರು ಬುಗುರಿಯ ಹಾಗೆ ತಿರುಗಿ, ಮರಳು ಹಾರಿಸಿ, ಟ್ರ್ಯಾಕಿನ ಅಂಚಿಗೆ ಪೇರಿಸಿಟ್ಟ ಹಳೇ ಟೈರುಗಳ ಗೋಡೆಗೆ ಬಡಿದು ನಿಂತಿತು. ಬೆಲ್ಟ್ ಬಿಗಿದ ಭುಜದ ಮೇಲೆ ಕಪ್ಪು ಬರೆ ಎದ್ದಿತು. ಹೆಣ್ಣುಮಗಳು, ಕೈ ಕುದುರಿಲ್ಲ ಪಾಪ ಎಂದು ಯಾರೋ ಮರಾಠಿಯಲ್ಲಿ ಅಂದದ್ದು ಅವಳಿಗೆ ಕೇಳಿಸಿತು. ದಾರಿಯುದ್ದಕ್ಕೂ ಅದನ್ನೇ ನಂಬಿಕೊಂಡು, ತನ್ನ ಕೈಗಳನ್ನೇ ಬೈದುಕೊಳ್ಳುತ್ತ ಮನೆಗೆ ಬಂದಳು. ಇನ್ನು ಟ್ರ್ಯಾಕಿನ ಕಡೆ ತಲೆ ಹಾಕಿಯೂ ಮಲಗಬಾರದು ಎಂದುಕೊಂಡು ಅತ್ತಳು. ಇವತ್ತು ಬೆಳಗಾಗುತ್ತಲೇ ಮರಳು ತೊಳೆಯಲು ಪೈಪು ಹಿಡಿದಾಗ, ಟೈರಿನ ನಡುಭಾಗದಲ್ಲಿ ನೀರು ಹರಡಿತು. ಅಂಚಿನಲ್ಲಿ ಹನಿಹನಿಯಾಗಿ ಉರುಳಿಹೋಯಿತು. ಬೆರಳಿನಿಂದ ತಿಕ್ಕಿದಳು, ಮೂಸಿದಳು.

"ಯಾರು ಹಚ್ಚಿದ್ರು?" ಈಗ ಅಂಗಡಿಯಲ್ಲಿ ಅವಳು ಕೇಳಿದಳು.

"ನಾನ ಹಚ್ಚಿದೆ ಅಂತ ತಿಳಕೋರಿ."

"ತಿಳಕೊಳ್ಳಾಕ ಬಂದಿಲ್ಲ. ಕೇಳಾಕ ಬಂದೇನಿ."

ಆಗ ಅವನು ಬಾಯಿ ಬಿಟ್ಟ. ಶುಕ್ರವಾರ ಅಮಾವಾಸ್ಯೆ. ಅಮಾವಾಸ್ಯೆಗೆ ಅಂಗಡಿಯ ಪೂಜೆ, ಅಂಗಡಿಯಲ್ಲಿ ನಿಂತ ಗಾಡಿಗಳ ಪೂಜೆ ಎಲ್ಲ ಅವನ ತಾಯಿ ಸರೋಜವ್ವನದೇ. ನಿಂಬೆಹಣ್ಣು, ವಿಭೂತಿ ಎಲ್ಲ ಆದ ಮೇಲೆ, ಕೆಂಪು ಕಾರು ಮನೆಗೆ ಬರುವ ಹುಡುಗಿಯದು ಎಂದು ಆಕೆ ಹೊಸ ಟೈರುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಮಿರಮಿರ ಮಿಂಚಿಸಿದ್ದಳು. ಅವನು ನೋಡುವ ಹೊತ್ತಿಗೆ ಕೆಲಸ ಮುಗಿದಿತ್ತು. ಅವ್ವ ಒಳಗೆ ಹೋದ ಮೇಲೆ ಅರಿವೆಯಿಂದ ಒರೆಸಿದ. ಉಳಿದದ್ದು ಕೊಲ್ಹಾಪುರ ಮುಟ್ಟುವುದರಲ್ಲಿ ಹೈವೇಗೆ ತಿಕ್ಕಿ ಹೋದೀತು ಎಂದು ಸುಮ್ಮನಾದ.

"ಹೈವೇ ನೆಟ್ಟಗ ಐತಿ. ನೆಟ್ಟಗ ಹೋಗೂ ಗಾಡಿ ನಡುವಿನ ಮ್ಯಾಲೆ ಓಡ್ತೇತಿ. ನಡುವಿನ ಎಣ್ಣಿ ಹೋತು, ಅಂಚಿಂದು ಕುಂತು," ಅಂದಳು ನೀಲಾಂಬಿಕಾ. "ತಿರುವಿನಾಗ ಜೀವ ಹಿಡಿಯೂದು ಆ ಅಂಚು ಅಂತ ನಂಗ ಕಲಿಸಿದಾವ ನೀನ. ಶನಿವಾರ ನನ್ನ ಮುಂದ ನಿಂತು, ಕೀಲಿ ನನ್ನ ಕೈಯಾಗ ಕೊಟ್ಟಿ. ಯಾಕ ಹೇಳಲಿಲ್ಲ?"

ಸಿಟ್ಟಿನ ಭರದಲ್ಲಿ ಅವಳು ಇಷ್ಟು ದಿನ ಕಾಪಾಡಿಕೊಂಡು ಬಂದ ಬಹುವಚನ ಎತ್ತಲೋ ಹಾರಿಹೋಗಿತ್ತು. ಅದು ಇಬ್ಬರ ಗಮನಕ್ಕೂ ಬರಲಿಲ್ಲ.

"ನಿಂಗ ಸಿಟ್ಟು ಬರ್ತೇತಿ ಅಂತ ಅಂಜಿದೆ," ಅಂದ. "ಗುರುವಾರ ಮಾತುಕತಿ. ನೀ ಅವ್ವನ್ನ ಏನರ ಅಂದ್ರ, ಅಪ್ಪ ಒಂದು ಮಾತು ಅಂದ್ರ, ಎಲ್ಲಾ ಮುರದು ಬೀಳ್ತೇತಿ ಅಂತ ಅಂಜಿದೆ."

"ನನ್ನ ಸಿಟ್ಟಿಗೆ ಅಂಜಿದಿ. ನಾ ಗ್ವಾಡಿಗೆ ಬಡಿತೇನಿ ಅನ್ನೂದಕ್ಕ ಅಂಜಲಿಲ್ಲ."

ಅವನ ಮುಖ ಬಿಳಚಿಕೊಂಡಿತು. ಆ ಮಾತು ತಾಗಬೇಕಾದ ಕಡೆಯೇ ತಾಗಿತ್ತು, ತಾಗಲಿ ಎಂದೇ ಅವಳು ಆಡಿದ್ದಳು. ಆದರೂ ಅವನ ಕಣ್ಣಲ್ಲಿ ನೀರು ಕಂಡದ್ದೇ ಅವಳಿಗೆ ಸಂಕಟವಾಯಿತು. ಪ್ರೀತಿಸಿದವರ ಮೇಲೆ ಸಿಟ್ಟು ಮಾಡುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ. ಇಂಥವನ ಜೊತೆ ಬಾಳುವೆ ಮಾಡಿದರೆ ನಾಳೆ ಇನ್ನೇನೇನು ಮುಚ್ಚಿಡುತ್ತಾನೋ ಎಂಬ ಭಯ ಮಾತ್ರ ಸಂಕಟಕ್ಕಿಂತ ದೊಡ್ಡದಿತ್ತು. ಗುರುವಾರ ಬರಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಡಿ," ಎಂದ ಶಂಭುಲಿಂಗ ಇದ್ದಕ್ಕಿದ್ದಂತೆ.

"ಎಲ್ಲಿಗೆ?"

"ಮನಿಗೆ. ಹೇಳಬೇಕಾದಲ್ಲಿ ಹೇಳತೇನಿ. ನೀ ಕೇಳು."

ಮನೆ ಅಂಗಡಿಯ ಹಿಂದೆಯೇ. ಕಟ್ಟೆಯ ಮೇಲೆ ಅವನ ತಂದೆ ಶಂಕ್ರಪ್ಪ ಚಹಾ ಕುಡಿಯುತ್ತಿದ್ದ. ಸರೋಜವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೆಣ್ಣು ಕೇಳುವ ಮೊದಲೇ ಹುಡುಗಿ ಹುಡುಗನ ಮನೆಯ ಅಂಗಳದಲ್ಲಿ ನಿಂತದ್ದು ಕಂಡು ಶಂಕ್ರಪ್ಪನ ಹುಬ್ಬು ಮೇಲೇರಿದವು. ಸರೋಜವ್ವ ಮಾತ್ರ ಮೊರ ಕೆಳಗಿಟ್ಟು, ಬಾ ನನ್ನವ್ವ ಎಂದು ಎದ್ದೇ ಬಂದಳು.

"ಅವ್ವಾ, ನೀ ಹಚ್ಚಿದ ಎಣ್ಣಿಯಿಂದ ಇಕಿ ಗಾಡಿ ತಿರುವಿನಾಗ ಜಾರಿ ಗ್ವಾಡಿಗೆ ಬಡೀತು," ಅಂದ ಶಂಭುಲಿಂಗ. "ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು, ನಾ ಬಾಯಿ ಬಿಡಲಿಲ್ಲ. ತಪ್ಪೆಲ್ಲಾ ನಂದು."

ಸರೋಜವ್ವ ಗಾಬರಿಬಿದ್ದಳು. ಹೊಸ ಎತ್ತು ಮನೆಗೆ ಬಂದರೆ ಕೋಡಿಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚಿದೆ, ಹೊಳೆಯಲಿ ಅಂತ ಹಚ್ಚಿದೆ ಎಂದು ತಡವರಿಸುತ್ತ ನೀಲಾಂಬಿಕಾಳ ಕೈ, ತೋಳು, ಭುಜ ಸವರಿ ನೋಡತೊಡಗಿದಳು. ಭುಜ ಮುಟ್ಟಿದಾಗ ನೀಲಾಂಬಿಕಾ ಸಣ್ಣಗೆ ನರಳಿದಳು. ಮುದುಕಿ ಅತ್ತೇಬಿಟ್ಟಳು. ಆಕೆಯ ಮೇಲೆ ಸಿಟ್ಟು ಮಾಡಲು ನೀಲಾಂಬಿಕಾ ಎಷ್ಟು ತಡಕಾಡಿದರೂ ಒಂದು ಚೂರೂ ಸಿಗಲಿಲ್ಲ. ಇದ್ದದ್ದೆಲ್ಲ ಮಗನ ಮೇಲೆಯೇ.

ಶಂಕ್ರಪ್ಪ ಚಹಾದ ಬಟ್ಟಲು ಕೆಳಗಿಟ್ಟ. ಜೀವ ಉಳಿಯಿತಲ್ಲ, ಲಗ್ನ ಆದ ಮೇಲೆ ಈ ಗಾಡಿಯ ಉಸಾಬರಿಯೇ ಬೇಡ, ಮಾರಿಬಿಟ್ಟರಾಯಿತು ಎಂದು ತೀರ್ಪು ಕೊಟ್ಟ. ಅಪ್ಪನ ತೀರ್ಪಿಗೆ ಆ ಮನೆಯಲ್ಲಿ ಯಾರೂ ಎದುರಾಡಿದ್ದಿಲ್ಲ. ನೀಲಾಂಬಿಕಾ ಉತ್ತರ ಕೊಡುವ ಕೆಲಸ ತನ್ನದಲ್ಲ ಎಂಬಂತೆ ಶಂಭುಲಿಂಗನನ್ನೇ ನೋಡಿದಳು.

"ಗಾಡಿ ಮಾರೂದಿಲ್ಲ, ಅಪ್ಪಾ," ಅಂದ ಅವನು. "ಇಕಿ ಓಡಸ್ತಾಳ. ನನಗ ಇಕಿ ಬೇಕು, ಹೆಂಗ ಅದಾಳ ಹಂಗ ಬೇಕು. ನೀವು ಹೂಂ ಅನ್ರಿ, ಬಿಡ್ರಿ. ನಿಮಗ ಅಂಜಿ, ಇಕಿಗೆ ಅಂಜಿ, ನಾ ಒಂದು ಸಲ ಇಕೀನ್ನ ಸಾಯಾಕ ಕಳಿಸಿದೆ. ಇನ್ನ ಅಂಜೂದಿಲ್ಲ."

ಶಂಕ್ರಪ್ಪ ಮಗನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ. ಆಮೇಲೆ ಹುಡುಗಿಗೂ ಚಹಾ ತರಲು ಹೆಂಡತಿಗೆ ಹೇಳಿದ. ನೀಲಾಂಬಿಕಾ ಒಲ್ಲೆ ಅಂದಳು. ಸರೋಜವ್ವನ ಕಣ್ಣು ಒರೆಸಿ, ನೀವು ಅಳಬ್ಯಾಡ್ರಿ ಎಂದು ಹೇಳಿ, ಸರಸರನೆ ಹೊರಟುಬಿಟ್ಟಳು.

ಶಂಭುಲಿಂಗ ಕಾರಿನವರೆಗೂ ಹಿಂದೆಯೇ ಬಂದ. ಅವಳು ಸೀಟಿನಲ್ಲಿ ಕುಳಿತು, ನೋಯುವ ಭುಜದ ಮೇಲೆ ಬೆಲ್ಟ್ ಎಳೆದುಕೊಳ್ಳುವಾಗ ಅವನ ಕೈ ತಾನಾಗಿ ಮುಂದೆ ಬಂತು. ಅವಳ ನೋಟ ಕಂಡು ಹಿಂದೆ ಹೋಯಿತು.

"ಗುರುವಾರ ಬರೂದು ಬ್ಯಾಡೇನು?" ಎಂದು ಕೇಳಿದ.

"ಬಾ," ಅಂದಳು. "ಅಷ್ಟ್ರಾಗ ನನ್ನ ಸಿಟ್ಟು ಇಳಿದಿರೂದಿಲ್ಲ. ಇಳೀಲಿ ಅಂತ ಕಾಯಬ್ಯಾಡ. ಸಿಟ್ಟಿನಾಗ ಇದ್ದಾಗನ ಬಂದು ಕೇಳು. ಆಗೂ ನಾ ಹೂಂ ಅಂದ್ರ, ಮುಂದ ನನ್ನ ಸಿಟ್ಟಿಗೆ ಅಂಜಿ ಏನೂ ಮುಚ್ಚಿಡೂ ಕಾರಣ ನಿನಗ ಉಳಿಯೂದಿಲ್ಲ."

"ಹೂಂ ಅಂತೀ?"

"ಅಂತೇನಿ," ಎಂದಳು ನೀಲಾಂಬಿಕಾ, ಹಲ್ಲು ಕಚ್ಚಿಕೊಂಡೇ.