ಮಣ್ಣು ಬಣ್ಣದ ಬ್ಯಾಗು

"ಅದಲ್ಲ, ಅದರ ಪಕ್ಕದ್ದು!" ತನುಶ್ರೀ ತುದಿಗಾಲಲ್ಲಿ ನಿಂತು ಬೆರಳು ತೋರಿಸಿದಳು.

ಅಂಗಡಿಯ ಮಹದೇವಸ್ವಾಮಿ ಕೋಲಿನಿಂದ ಗುಲಾಬಿ ಬಣ್ಣದ ಬ್ಯಾಗೊಂದನ್ನು ಅರ್ಧ ಇಳಿಸಿದ್ದರು. ಹಾಗೇ ನಿಂತು ತಿರುಗಿ ನೋಡಿದರು.

"ಅದು ಮಿಲ್ಟ್ರಿ ಬ್ಯಾಗು ಕಣವ್ವ. ಗಂಡುಡುಗ್ರು ತಗತಾರೆ. ನಿಂಗೆ ಇದು ನೋಡು. ಚಿಟ್ಟೆ ಐತೆ, ಹೊಳೆಯೋ ಝಿಪ್ ಐತೆ."

"ಚಿಟ್ಟೆ ಬೇಡ. ಅದೇ ಬೇಕು."

ಅವ್ವ ಸುನಿತಾ ಮಗಳ ಜಡೆಯನ್ನು ಮೆಲ್ಲಗೆ ಎಳೆದಳು. "ಅವರು ಹೇಳೋದು ಕೇಳೇ. ಅದು ನಿನಗಿಂತ ದೊಡ್ಡದಾಗೈತೆ."

ತನುಶ್ರೀ ಜಡೆ ಬಿಡಿಸಿಕೊಂಡಳು. ಬಾಗಿಲ ಹತ್ತಿರ ಹೋಗಿ ಕೈಕಟ್ಟಿ ನಿಂತಳು. ಆ ಬ್ಯಾಗು ಕೆಳಗೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಇದೆಲ್ಲ ಶುರುವಾಗಿದ್ದು ಶಾಲೆಯಲ್ಲಿ. ಬರುವ ಶನಿವಾರ ಪಿ.ಟಿ. ಮೇಷ್ಟ್ರು ರವೀಂದ್ರ ಸರ್ ಏಳನೇ ಕ್ಲಾಸಿನವರನ್ನು ಕುಂತಿ ಬೆಟ್ಟಕ್ಕೆ ಟ್ರೆಕ್ಕಿಂಗ್ ಕರೆದುಕೊಂಡು ಹೋಗುವವರಿದ್ದರು. ನಾಲ್ಕು ಮಂದಿಗೆ ಒಂದು ಟೀಮು. ಟೀಮಿಗೆ ಒಂದೇ ದೊಡ್ಡ ಬ್ಯಾಗು. ನೀರು, ಊಟ, ಫಸ್ಟ್ ಏಡ್ ಎಲ್ಲ ಅದರಲ್ಲೇ ಇರಬೇಕು.

"ಬಂಡೆ ಹತ್ತೋವಾಗ ಎರಡೂ ಕೈ ಖಾಲಿ ಇರ್ಬೇಕು. ಕೈಯಲ್ಲಿ ಕವರ್ ಹಿಡ್ಕೊಂಡು ಬಂದೋರ್ನ ಕೆಳಗೇ ಕೂರಿಸ್ತೀನಿ" ಎಂದಿದ್ದರು ಸರ್.

ತನುಶ್ರೀಯ ಟೀಮಿನಲ್ಲಿ ಮೇಘನ, ಅನು ಮತ್ತು ಸಂತೋಷ್ ಇದ್ದರು. ಸಂತೋಷ್ ಆಗಲೇ ಎದೆ ಉಬ್ಬಿಸಿದ್ದ. "ಬ್ಯಾಗಿನ್ ವಿಷ್ಯ ನಂಗೆ ಬುಟ್ಬುಡಿ. ನಮ್ ಮಾವನ್ ಹತ್ರ ದೊಡ್ಡದು ಐತೆ. ನೀವು ಹುಡ್ಗೀರು ಚಿತ್ರಾನ್ನ ತಂದ್ರೆ ಸಾಕು."

ಮೇಘನ ಸರಿ ಎಂದಳು. ಅನು ಏನೂ ಹೇಳಲಿಲ್ಲ. ಕ್ಲಾಸಿನಲ್ಲೇ ಚಿಕ್ಕವಳಾಗಿ ಕಾಣುವ ಅನು ಯಾವಾಗಲೂ ಹಾಗೆ. ಏನಾದರೂ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೇರೆ ಯಾರೋ ಹೇಳಿ ಮುಗಿಸಿರುತ್ತಾರೆ.

ತನುಶ್ರೀಗೆ ಮಾತ್ರ ಕಿವಿ ಬಿಸಿಯಾಯಿತು. "ಚಿತ್ರಾನ್ನ ನೀನ್ ತಗಂಬಾ. ಬ್ಯಾಗ್ ನಾನ್ ಹೊರ್ತೀನಿ!"

"ಓಹೋ!" ಎಂದು ಹಿಂದಿನ ಬೆಂಚಿನವರೆಲ್ಲ ಕೂಗಿದರು.

ಸರ್ ನಕ್ಕರು. "ಯಾರಾದ್ರೂ ಹೊರ್ರಿ. ಗಟ್ಟಿ ಬ್ಯಾಗು ತರ್ಬೇಕು ಅಷ್ಟೇ. ದಾರೀಲಿ ಕಿತ್ತೋದ್ರೆ ಇಡೀ ಟೀಮು ವಾಪಸ್ಸು."

ಹಾಗಾಗಿ ಈಗ ಪಾಂಡವಪುರದ ಈ ಅಂಗಡಿಯಲ್ಲಿ ತನುಶ್ರೀ ಕೈಕಟ್ಟಿ ನಿಂತಿದ್ದಳು.

ಗಾಜಿನ ಬೀರುವಿನಲ್ಲಿ ಇನ್ನೂ ಒಳ್ಳೆಯ ಟ್ರೆಕ್ಕಿಂಗ್ ಬ್ಯಾಗುಗಳಿದ್ದವು. ಒಂದರ ಬೆಲೆ ಕೇಳಿದ ಅವ್ವ ಅದನ್ನು ಮುಟ್ಟಲೂ ಇಲ್ಲ. ಕೊನೆಗೆ ಮಹದೇವಸ್ವಾಮಿ ಮಿಲಿಟರಿ ಬ್ಯಾಗನ್ನೇ ಇಳಿಸಿದರು. ಹಸಿರು, ಕಂದು, ಕಪ್ಪು ಮಚ್ಚೆಗಳು. ಎಲ್ಲಿ ನೋಡಿದರೂ ಜೇಬು. ಎದೆಗೊಂದು ಬಕಲ್ಲು. ಬೆಲೆಯೂ ಅವ್ವನ ಕೈಗೆ ಎಟುಕುವಂತಿತ್ತು.

"ಗಟ್ಟಿ ಐತಾ?" ಅವ್ವ ಕೇಳಿದಳು.

"ಕಲ್ಲು ತುಂಬುದ್ರೂ ಏನೂ ಆಗಕಿಲ್ಲ, ಓಗಿ" ಎಂದರು ಮಹದೇವಸ್ವಾಮಿ.

ಬಸ್‌ಸ್ಟ್ಯಾಂಡಿನವರೆಗೆ ತನುಶ್ರೀ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡೇ ನಡೆದಳು. ಅಂಗಡಿಗಳ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ಬಸ್ಸಿಗೆ ಕಾಯುವಾಗ ಅವ್ವ ಇದ್ದಕ್ಕಿದ್ದಂತೆ ತಲೆ ಬಗ್ಗಿಸಿ ನೆತ್ತಿ ತೋರಿಸಿದಳು.

"ಇಲ್ನೋಡು. ಹುಲ್ಲಿನ್ ಹೊರೆ ಹೊತ್ತು ಹೊತ್ತು ಇಲ್ಲಿ ಕೂದ್ಲೇ ಸವೆದೋಗೈತೆ. ನೀನಾದ್ರೂ ಹೊರೆ ಹೊರ್ಬಾರ್ದು ಅಂತ ಸ್ಕೂಲ್ಗೆ ಕಳುಸ್ತೀನಿ. ನೀನು ನೋಡುದ್ರೆ ಹೊರೋಕೇ ಜಗಳ ಆಡ್ತೀಯ."

"ಇದು ಬೇರೆ ಅವ್ವ."

"ಏನು ಬೇರೆ?"

ತನುಶ್ರೀ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ಬೇರೆ ಅಂದ್ರೆ ಬೇರೆ" ಎಂದಳು.

ಮಾರನೇ ದಿನ ಸಂಜೆ ಅವಳು ಬ್ಯಾಗಿಗೆ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ತುಂಬಿದಳು. ಪ್ರತಿಯೊಂದರಲ್ಲೂ ಕಂಠದವರೆಗೆ ನೀರು. ಪ್ರಾಕ್ಟೀಸ್ ಮಾಡಬೇಕಲ್ಲ! ನಾಲೆಯ ಏರಿಯ ಮೇಲೆ ಎಡ, ಬಲ ಎಂದು ಹೆಜ್ಜೆ ಹಾಕುತ್ತಾ ಹೊರಟಳು.

ಸೇತುವೆಯ ಹತ್ತಿರ 'ಪರ್' ಎಂದಿತು. ಬಲಭುಜದ ಪಟ್ಟಿ ಕಿತ್ತುಬಂತು. ಬ್ಯಾಗು ಒಂದೇ ಪಕ್ಕಕ್ಕೆ ವಾಲಿತು. ಬಾಟಲಿಗಳು ಏರಿಯ ಇಳಿಜಾರಿನಲ್ಲಿ ಡಬಡಬ ಉರುಳಿದವು. ಒಂದು ನಾಲೆಗೇ ಬಿದ್ದು ತೇಲಿಕೊಂಡು ಹೋಯಿತು.

ಆ ಹೊತ್ತಿಗೇ ಸಂತೋಷ್ ಸೈಕಲ್ಲಿನಲ್ಲಿ ಬರಬೇಕೆ? ಅವನು ಒಂದು ಕಾಲು ಊರಿ ನಿಂತ.

"ಅಯ್ಯೋ! ಮಿಲ್ಟ್ರಿ ಬ್ಯಾಗು ಯುದ್ಧಕ್ಕೆ ಮುಂಚೆನೇ ಸತ್ತೋಯ್ತಾ!"

"ನಿನ್ ದಾರಿ ನೋಡ್ಕಂಡು ಓಗೋ!"

"ಓಯ್ತೀನಿ ಬುಡು. ಶನಿವಾರ ಬೆಳಿಗ್ಗೆ ಮಾವನ್ ಬ್ಯಾಗ್ ತಂದಿರ್ತೀನಿ. ನೀನು ಚಿತ್ರಾನ್ನ ಮರೀಬ್ಯಾಡ" ಎಂದು ಬೆಲ್ಲು ಹೊಡೆಯುತ್ತಾ ಹೋದ.

ತನುಶ್ರೀ ಬಾಟಲಿಗಳನ್ನು ಆರಿಸಿದ ಮೇಲೆ ಸೇತುವೆಯ ಕಟ್ಟೆಯ ಮೇಲೆ ಕೂತು ಕಿತ್ತ ಜಾಗವನ್ನು ನೋಡಿದಳು. ಅಷ್ಟು ದಪ್ಪದ ಪಟ್ಟಿಯನ್ನು ಒಂದೇ ಒಂದು ಸಾಲು ದಾರದಲ್ಲಿ ಹೊಲಿದಿದ್ದರು. ಎಷ್ಟೊಂದು ಜೇಬು ಇವೆ ಎಂದು ಅವಳು ಎಣಿಸಿದ್ದಳು. ಪಟ್ಟಿ ಎಲ್ಲಿ ಸೇರುತ್ತದೆ ಎಂದು ನೋಡಿಯೇ ಇರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳು ಅನುವಿನ ಕೈ ಹಿಡಿದುಕೊಂಡು ನೇರ ಅಂಗಡಿಗೆ ಹೋದಳು.

"ಇದು ಕಿತ್ತೋಯ್ತು. ಬೇರೆ ಕೊಡಿ."

ಮಹದೇವಸ್ವಾಮಿ ಬ್ಯಾಗನ್ನು ತಿರುಗಿಸಿ ನೋಡಿದರು. "ಒಂದ್ಸಲ ತಗಂಡೋದ್ಮೇಲೆ ವಾಪಸ್ ಇಲ್ಲ ಕಣವ್ವ. ನೀವು ಎಂಗೆ ಎಳ್ದಾಡಿದ್ರೋ ಏನೋ."

"ಎಳ್ದಾಡಿಲ್ಲ. ನೀರ್ ಬಾಟ್ಲಿ ಇಟ್ಟಿದ್ದೆ ಅಷ್ಟೇ. ಕಲ್ಲು ತುಂಬುದ್ರೂ ಏನೂ ಆಗಲ್ಲ ಅಂತ ನೀವೇ ಹೇಳಿದ್ರಿ."

"ಮಾತಿಗೆ ಅಂದಿದ್ದು ಅದು."

"ಮಾತಿಗೆ ಅಂದಿದ್ದಾ?" ತನುಶ್ರೀಯ ದನಿ ಏರಿತು. "ನಮ್ಮವ್ವ ಆ ಮಾತು ಕೇಳೇ ತಗಂಡಿದ್ದು!"

ಟಿಫಿನ್ ಡಬ್ಬಿ ನೋಡುತ್ತಿದ್ದ ಒಬ್ಬ ಹೆಂಗಸು ತಿರುಗಿ ನೋಡಿದರು. ಅನು ತನುಶ್ರೀಯ ಅಂಗಿ ಜಗ್ಗಿ "ಬಾರೇ, ಓಗಣ" ಎಂದು ಪಿಸುಗುಟ್ಟಿದಳು. ತನುಶ್ರೀ ಕದಲಲಿಲ್ಲ.

"ಬೇರೆ ಕೊಡೋವರ್ಗೂ ನಾನ್ ಇಲ್ಲೇ ಇರ್ತೀನಿ."

ಮಹದೇವಸ್ವಾಮಿ ಬೇರೆ ಗಿರಾಕಿಯ ಕಡೆ ತಿರುಗಿದರು. ತನುಶ್ರೀ ನಿಂತೇ ಇದ್ದಳು. ಇನ್ನೊಬ್ಬರು ಬಂದರು, ಹೋದರು. ಬಂದವರೆಲ್ಲ ಬಾಗಿಲಲ್ಲಿ ನಿಂತ ಹುಡುಗಿಯನ್ನೂ ಅವಳ ಕೈಯಲ್ಲಿ ನೇತಾಡುವ ಕಿತ್ತ ಪಟ್ಟಿಯನ್ನೂ ನೋಡುತ್ತಿದ್ದರು. ಡಬ್ಬಿ ಕೊಂಡ ಹೆಂಗಸು ಹೋಗುವಾಗ "ಇದೂ ಇಂಗೇ ಆದ್ರೆ ನಾನೂ ಬಂದು ಇಲ್ಲೇ ನಿಂತ್ಕತೀನಿ, ಸ್ವಾಮೀರೆ" ಎಂದರು.

ಮಹದೇವಸ್ವಾಮಿಗೆ ನಗು ತಡೆಯಲಾಗಲಿಲ್ಲ. "ಆಯ್ತು ತಾಯಿ, ಒಳಕ್ ಬಾ. ಅದೇ ರೇಟಿಂದು ಯಾವ್ದಾದ್ರೂ ತಗ. ದುಡ್ಡು ಮಾತ್ರ ವಾಪಸ್ ಕೇಳ್ಬ್ಯಾಡ."

ಈ ಸಲ ತನುಶ್ರೀ ಬಣ್ಣ ನೋಡಲಿಲ್ಲ. ಒಂದೊಂದು ಬ್ಯಾಗನ್ನೂ ಒಳಹೊರಗು ಮಾಡಿದಳು. ಪಟ್ಟಿ ಸೇರುವ ಕಡೆ ಉಗುರಿನಿಂದ ಕೆರೆದು ಹೊಲಿಗೆ ನೋಡಿದಳು. ಝಿಪ್ಪನ್ನು ಹತ್ತಾರು ಸಲ ಎಳೆದಳು. ಒಂದರಲ್ಲಿ ದಾರ ಎದ್ದಿತ್ತು. ಇನ್ನೊಂದರ ತಳ ತೆಳ್ಳಗಿತ್ತು. ಮತ್ತೊಂದರ ಪಟ್ಟಿ ಹಗ್ಗದಷ್ಟೇ ಸಪೂರ. ಭುಜ ಕೊಯ್ಯುವುದು ಖಂಡಿತ.

"ಇದು ನೋಡೇ" ಎಂದು ಅನು ಮೂಲೆಯಿಂದ ಒಂದನ್ನು ಎಳೆದಳು.

ಅದು ಎಲ್ಲದಕ್ಕಿಂತ ಕೆಳಗೆ ಬಿದ್ದಿತ್ತು. ಮೇಲೆಲ್ಲ ಧೂಳು. ಒದ್ದೆ ಮಣ್ಣಿನ ಬಣ್ಣ. ಮಿಲಿಟರಿ ಬ್ಯಾಗಿನಂತೆಯೇ ಮುಂದೆ ಅಡ್ಡಡ್ಡ ಪಟ್ಟಿಗಳಿದ್ದವು, ಮಚ್ಚೆ ಇರಲಿಲ್ಲ. ಭುಜದ ಪಟ್ಟಿ ಅಗಲವಾಗಿ, ದಪ್ಪನೆಯ ಸ್ಪಂಜಿನಿಂದ ತುಂಬಿತ್ತು. ಸೊಂಟಕ್ಕೂ ಒಂದು ಬೆಲ್ಟು. ಪಟ್ಟಿ ಸೇರುವ ಕಡೆ ಚೌಕ ಹೊಲಿಗೆ, ಅದರ ಮೇಲೆ ಅಡ್ಡ ಹೊಲಿಗೆ, ಅದರ ಮೇಲೆ ಇನ್ನೊಂದು.

"ಅದನ್ನ ಯಾರೂ ತಗಳಲ್ಲ. ಬಣ್ಣ ಚೆನ್ನಾಗಿಲ್ಲ" ಎಂದರು ಮಹದೇವಸ್ವಾಮಿ.

ತನುಶ್ರೀ ಅದನ್ನು ಗೋಡೆಯ ಕಬ್ಬಿಣದ ಕೊಕ್ಕೆಗೆ ನೇತುಹಾಕಿದಳು. ಎರಡೂ ಕೈಯಲ್ಲಿ ಪಟ್ಟಿ ಹಿಡಿದು ಜಗ್ಗಿದಳು. ಆಮೇಲೆ ಕಾಲು ಮೇಲೆತ್ತಿ ಜೋತುಬಿದ್ದಳು!

"ಅಯ್ಯಯ್ಯೋ! ಗೋಡೆನೇ ಕಿತ್ತೋಯ್ತದೆ, ಇಳಿಯವ್ವ!"

ಬ್ಯಾಗು ಕಿಂಚಿತ್ತೂ ಜಗ್ಗಲಿಲ್ಲ. ಅನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು.

ಮನೆಯಲ್ಲಿ ಅವ್ವ ಹೊಸ ಬ್ಯಾಗನ್ನೂ ಮಗಳನ್ನೂ ಮತ್ತೆ ಮತ್ತೆ ನೋಡಿದಳು. ನಡೆದಿದ್ದನ್ನು ಕೇಳಿ ಮೊದಲು ಬೈದಳು. ಕೊಕ್ಕೆಗೆ ಜೋತುಬಿದ್ದ ಕತೆ ಬಂದಾಗ ಬೈಗುಳ ನಿಂತಿತು. ಸೆರಗಿನಲ್ಲಿ ಬ್ಯಾಗಿನ ಧೂಳು ಒರೆಸಿದಳು.

ಶನಿವಾರ ಬೆಳಿಗ್ಗೆ ನೀರಿನ ಬಾಟಲಿಗಳನ್ನು ಅವ್ವನೇ ಒಳಗಿಟ್ಟಳು. "ಭಾರದ್ದು ಬೆನ್ನಿಗೆ ಒತ್ಕಂಡಿರ್ಲಿ" ಎಂದು ಪಟ್ಟಿಗಳನ್ನು ಬಿಗಿ ಮಾಡಿದಳು. ಸೊಂಟದ ಬೆಲ್ಟು ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಭಾರ ಆದ್ರೆ ಇಳುಸ್ಬುಡು ಮಗ. ನಾಚ್ಕೆ ಪಟ್ಕಬ್ಯಾಡ."

"ಇಳಿಸಲ್ಲ" ಎಂದಳು ತನುಶ್ರೀ.

ಬೆಟ್ಟದ ಬುಡದಲ್ಲಿ ಸಂತೋಷ್ ಮಾವನ ಬ್ಯಾಗು ತಂದಿದ್ದ. ರವೀಂದ್ರ ಸರ್ ತನುಶ್ರೀಯ ಬ್ಯಾಗಿನ ಪಟ್ಟಿಗಳನ್ನು ಎಳೆದು ನೋಡಿ, "ಗಟ್ಟಿ ಐತೆ. ಇದೇ ಸಾಕು" ಎಂದರು. ಸಂತೋಷ್ ತನ್ನ ಬ್ಯಾಗನ್ನು ತಾವು ಬಂದಿದ್ದ ಬಸ್ಸಿನಲ್ಲೇ ಬಿಟ್ಟು ಬಂದ.

ಬುಡದ ಮೆಟ್ಟಿಲುಗಳು ಮುಗಿಯುವವರೆಗೆ ಕಷ್ಟವಾಗಲಿಲ್ಲ. ಬಂಡೆ ಶುರುವಾದ ಮೇಲೆ ತೊಡೆ ಉರಿಯತೊಡಗಿತು. ಬೆವರು ಕಣ್ಣಿಗಿಳಿಯಿತು. ಬ್ಯಾಗು ಬೆನ್ನಿಗೆ ಅಂಟಿಕೊಂಡು ಅವಳ ಜೊತೆಯಲ್ಲೇ ಹತ್ತುತ್ತಿತ್ತು.

"ಸುಸ್ತಾಯ್ತಾ? ಕೊಡು ಇತ್ಲಾಗೆ" ಎಂದ ಸಂತೋಷ್.

"ಇಲ್ಲ."

ಸ್ವಲ್ಪ ದೂರ ಹೋದ ಮೇಲೆ ಮೇಘನ ಕೇಳಿದಳು. "ನಾನ್ ಒಂಚೂರು ಹಿಡ್ಕೊಳ್ಳ?"

"ಬೇಡ."

"ಕೂತ್ಕೊಂಡು ಹೋಗೋಣ್ವಾ?"

"ಬೇಡ ಅಂದ್ನಲ್ಲ!"

ಬೆಟ್ಟದ ಅರ್ಧದಲ್ಲಿ ಸರ್ ಎಲ್ಲರನ್ನೂ ನಿಲ್ಲಿಸಿದರು. ಕೆಳಗೆ ಕಬ್ಬಿನ ಗದ್ದೆಗಳು. ದೂರದಲ್ಲಿ ತೊಣ್ಣೂರು ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲರೂ ಕೈ ತೋರಿಸಿ ಕೂಗಾಡುತ್ತಿದ್ದರು. ತನುಶ್ರೀ ಮಾತ್ರ ಬ್ಯಾಗು ಇಳಿಸದೆ ಬಂಡೆಗೆ ಒರಗಿ ಉಸಿರು ಬಿಡುತ್ತಿದ್ದಳು.

ಅನು ಹತ್ತಿರ ಬಂದು ನಿಂತಳು. ಕೆಮ್ಮಿದಳು. ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ತಳ್ಳಿದಳು.

"ಇಲ್ಲಿಂದ ನಾನ್ ಹೊರ್ಲಾ?"

ತನುಶ್ರೀಗೆ ನಗು ಬಂತು. ಅನುವಿನ ತೋಳು ಕಡ್ಡಿಯ ಹಾಗಿತ್ತು. ಮುಂದೆ ಇನ್ನೂ ಕಡಿದಾದ ಬಂಡೆ ಇತ್ತು. "ಅಯ್ಯೋ, ನಿನ್ ಕೈಲಿ..." ಎಂದು ಶುರುಮಾಡಿದಳು.

ಅನು ಅವಳನ್ನೇ ನೋಡುತ್ತಿದ್ದಳು. ಕೇಳಬಾರದಿತ್ತೇನೋ ಎನ್ನುವಂತೆ ಆಗಲೇ ಅರ್ಧ ತಿರುಗಿದ್ದಳು. ಅವಳ ಕಿವಿ ಕೆಂಪಗಾಗಿತ್ತು.

ತಾನು ಏನು ಹೇಳಲು ಹೊರಟಿದ್ದೆ ಎಂದು ತನುಶ್ರೀಗೇ ಕೇಳಿಸಿಬಿಟ್ಟಿತ್ತು.

ಸೊಂಟದ ಬಕಲ್ಲು ಬಿಚ್ಚಿದಳು. ಬೆನ್ನಿಗೆ ಗಾಳಿ ತಾಗಿ ತಣ್ಣಗಾಯಿತು.

"ಮೊದ್ಲು ಈ ಕೈ ಹಾಕು. ಈಗ ಆ ಕೈ. ತಡಿ, ಪಟ್ಟಿ ಬಿಗಿ ಮಾಡ್ತೀನಿ."

ಭಾರ ಬಿದ್ದ ಕೂಡಲೇ ಅನು ಎರಡು ಹೆಜ್ಜೆ ಹಿಂದಕ್ಕೆ ವಾಲಿದಳು.

"ಬೀಳ್ತಾಳೆ ನೋಡ್ರೋ!" ಎಂದ ಸಂತೋಷ್.

"ನೀನ್ ಸುಮ್ಕಿರು" ಎಂದಳು ಅನು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವರಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಸಂತೋಷ್ ನಿಜಕ್ಕೂ ಸುಮ್ಮನಾದ.

ಅನು ಮುಂದೆ ಹತ್ತಿದಳು. ಹಿಂದಿನಿಂದ ನೋಡಿದರೆ ಅನು ಕಾಣುತ್ತಲೇ ಇರಲಿಲ್ಲ. ಒಂದು ದೊಡ್ಡ ಬ್ಯಾಗು, ಅದರ ಕೆಳಗೆ ಎರಡು ಸಣ್ಣ ಕಾಲು. ಕಡಿದಾದ ಜಾಗದಲ್ಲಿ ಬ್ಯಾಗು ಒಂದು ಕಡೆಗೆ ಓಲಿತು.

ತನುಶ್ರೀ ತಕ್ಷಣ ಬ್ಯಾಗಿನ ತಳಕ್ಕೆ ಕೈ ಚಾಚಿದಳು. ಇನ್ನೇನು ಮುಟ್ಟಬೇಕು, ಅನು ಬಂಡೆಯ ಬಿರುಕಿಗೆ ಕಾಲು ಕೊಟ್ಟು ತಾನೇ ನೆಟ್ಟಗೆ ನಿಂತಳು.

ತನುಶ್ರೀ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಅನು ಕಾಲಿಟ್ಟ ಅದೇ ಬಿರುಕಿಗೆ ತಾನೂ ಕಾಲಿಟ್ಟು, ಅವಳ ಹಿಂದೆ ಹತ್ತಿದಳು.