ಉಳಿಯದ ಕೆಂಪು ಚುಕ್ಕಿಗಳು

ಭಾನುವಾರ ಬೆಳಿಗ್ಗೆ ಮಾನ್ಯಳ ಒಂದು ಜಡೆ ಹೆಣೆದು, ಇನ್ನೊಂದಕ್ಕೆ ಬಾಚಣಿಗೆ ಇಡುವಷ್ಟರಲ್ಲಿ ಗೇಟಿನ ಸದ್ದಾಯಿತು. ನೇತ್ರಾಳ ಕೈ ಅಲ್ಲೇ ನಿಂತಿತು.

"ಕೊಣನೂರು ಅಂಕಲ್," ಎಂದಳು ಎಂಟು ವರ್ಷದ ಮಗಳು, ತಿರುಗಿಯೂ ನೋಡದೆ.

ಚಂದ್ರಮೌಳಿ ಕೊಣನೂರಿನ ಶುಂಠಿ ಬೆಳೆಗಾರರ ಸಂಘದವನು. ಹೊಲಗಳ ತೇವದ ಅಳತೆಯನ್ನು ನೇತ್ರಾ ಅರಕಲಗೂಡಿನ ಮನೆಯಲ್ಲೇ ಕೂತು ಗ್ರಾಫ್ ಮಾಡಿಕೊಡುತ್ತಿದ್ದಳು. ಒಂದೊಂದು ಚುಕ್ಕಿ ಒಂದೊಂದು ಹೊಲ. ಕೊಳೆರೋಗ ಬಂದ ಹೊಲದ ಮೇಲೆ ಅವನು ಕ್ಲಿಕ್ ಮಾಡಿದರೆ ಚುಕ್ಕಿ ಕೆಂಪಾಗುತ್ತಿತ್ತು. ಗ್ರಾಫಿನ ವಿಂಡೋ ಮುಚ್ಚುವಾಗ ಗುರುತುಗಳೆಲ್ಲ ಸೇವ್ ಆಗಬೇಕಿತ್ತು. ಮೊದಲ ವಾರ ಆಗಲಿಲ್ಲ. ಅದು ನಿಜವಾದ ತಪ್ಪೇ. ಮರುದಿನ ನೇತ್ರಾ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಸರಿಮಾಡಿದಳು. ಆದರೆ ಮುಂದಿನ ಭಾನುವಾರ ಅವನು ಬರುವ ಮುಂಚೆ ಆ ಸಾಲನ್ನು ಅಳಿಸಿ, ಅವನು ಹೋದ ಮೇಲೆ ಮತ್ತೆ ಸೇರಿಸಿದಳು. ಅದರ ಮುಂದಿನ ವಾರವೂ. ಇವತ್ತೂ ಅಳಿಸಿಟ್ಟಿದ್ದಳು.

"ಬಸ್ಸಲ್ಲಿ ಸೀಟ್ ಸಿಕ್ತಾ?"

"ಎಲ್ಲಿ ಮೇಡಂ, ನಿಂತ್ಕೊಂಡೇ ಬಂದೆ."

ನೇತ್ರಾ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದಳು.

ಅವನು ಕ್ಲಿಕ್ ಮಾಡತೊಡಗಿದ. "ಇದು ಮಾರಮ್ಮನ ಹೊಲ. ರೋಗ ಬಂದಿದ್ದು ಶುಂಠಿಗೆ, ಬೈಸ್ಕಂಡಿದ್ದು ನಾನು."

ನೇತ್ರಾ ನಕ್ಕಳು. ಅವನ ಕಣ್ಣು ಸ್ಕ್ರೀನಿನಿಂದ ಜಾರಿ, ಅವಳ ಕೆನ್ನೆಗಿಳಿದ ಕೂದಲಿನ ತನಕ ಬಂದು, ಸಿಕ್ಕಿಬಿದ್ದ ಕಳ್ಳನ ಹಾಗೆ ಹಿಂದಿರುಗಿತು. ಗಂಡ ತೀರಿಕೊಂಡ ಈ ಐದು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ಕದ್ದು ನೋಡಿರಲಿಲ್ಲ.

ವಿಂಡೋ ಮುಚ್ಚಿದ. ಮತ್ತೆ ತೆರೆದ. ಒಂದೂ ಕೆಂಪು ಚುಕ್ಕಿ ಇಲ್ಲ.

ಮಾನ್ಯ ಅಮ್ಮನ ಮುಖ ನೋಡಿದಳು. ಏನೋ ಕೇಳಲು ಹೋಗಿ ತುಟಿ ಕಚ್ಚಿಕೊಂಡಳು.

"ಗುದ್ಲಿ ಹಿಡ್ದ ಕೈ ಕಣ್ರೀ, ಮೌಸ್ ಒಗ್ಗಲ್ಲ," ಎಂದ ಚಂದ್ರಮೌಳಿ, ಅಂಗೈ ನೋಡಿಕೊಳ್ಳುತ್ತ. "ನಿಮ್ ನಾಲ್ಕು ಭಾನುವಾರ ಹಾಳ್ ಮಾಡ್ದೆ. ಮುಂದಿನ್ ವಾರದಿಂದ ಕೃಷ್ಣಪ್ಪ ಬತ್ತಾರೆ. ಸಂಘದಲ್ಲಿ ಹೇಳ್ಬುಟ್ಟಿದೀನಿ."

ನಿಜ ಹೇಳಿದರೆ ನೇತ್ರಾ ಅವನ ಮುಂದೆ ತಲೆ ಎತ್ತುವುದು ಹೇಗೆ? ಹೇಳದಿದ್ದರೆ ಅವನು ಇನ್ನು ಬರುವುದೇ ಇಲ್ಲ. ಮಾಡದ ತಪ್ಪನ್ನು ಹೊತ್ತುಕೊಂಡೇ ಹೋಗುತ್ತಾನೆ.

"ನಿಮ್ ಕೈ ಸರಿಯಾಗೇ ಇದೆ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ಏನಂದ್ರಿ?"

"ಏನಿಲ್ಲ. ಕಾಫಿ ಕುಡ್ಕೊಂಡ್ ಹೋಗಿ."

"ಬ್ಯಾಡ ಬಿಡಿ. ಕೆಲ್ಸ ಕೆಡಿಸ್ದವ್ನಿಗೆ ಕಾಫಿ ಬೇರೆ ಕೇಡು." ನಗುತ್ತಲೇ ಎದ್ದ. ನಗು ಕಣ್ಣಿನ ತನಕ ಏರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ.

ಅವನಿನ್ನೂ ಅಲ್ಲೇ ಇರುವಾಗ ಮಾನ್ಯ ಬಂದು ಅಮ್ಮನ ಸೆರಗು ಹಿಡಿದುಕೊಂಡಳು.

"ಅಮ್ಮ, ನಾವಿಬ್ರೇ ಇದ್ದಾಗ ಚುಕ್ಕಿ ಕೆಂಪಾಗೇ ಉಳಿಯುತ್ತಲ್ಲ. ಅಂಕಲ್ ಮತ್ತೆ ಬರ್ಲಿ ಅಂತಾನಾ ನೀನು ಭಾನುವಾರ ಮಾತ್ರ ಆ ಸಾಲು ಅಳ್ಸೋದು?"